ಫೋನಿಗೂ ‘ನೋಡಿ ಬರ್ತೀವಿ’ ಅನ್ನೋದು ಹೇಗೆ?

ದಾವಣಗೆರೆಯ ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ರೇಟು ಕೇಳಿ, ಕೊನೆಗೆ ಎದ್ದು ನಿಂತು ‘ನೋಡಿ ಬರ್ತೀವಿ’ ಅಂದು ಹೊರಟವರಲ್ಲಿ ನೀವೂ ಒಬ್ಬರಿರಬಹುದು. ಅಂಗಡಿಯವರಿಗೂ ಆ ಮಾತಿನ ಅರ್ಥ ಗೊತ್ತು. ಯಾರಿಗೂ ಬೇಜಾರಿಲ್ಲ. ಕಾಳಿಕಾದೇವಿ ರಸ್ತೆಗೆ ಬರುವಷ್ಟರಲ್ಲಿ ಅರ್ಧ ಆಸೆ ಇಳಿದಿರುತ್ತದೆ.

ಫೋನಿನಲ್ಲಿ ಹಾಗೆ ಎದ್ದು ಬರಲು ಬಾಗಿಲೇ ಇಲ್ಲ. ಮಲಗುವ ಮುಂಚೆ ಸುಮ್ನೆ ರೀಲ್ಸ್ ನೋಡೋಣ ಅಂತ ಫೋನ್ ತೆಗೆದವರು ಒಂದು ಕುರ್ತಿ, ಒಂದು ಲಿಪ್‌ಸ್ಟಿಕ್, ತರಕಾರಿ ಹೆಚ್ಚುವ ಒಂದು ಮೆಷಿನ್ ಆರ್ಡರ್ ಮಾಡಿ ಮಲಗುತ್ತಾರೆ. ಬೆಳಿಗ್ಗೆ ಎದ್ದರೆ ಏನು ತಗೊಂಡೆ ಅನ್ನೋದೇ ನೆನಪಿರುವುದಿಲ್ಲ. ‘ಇದನ್ನ ನಿಲ್ಲಿಸೋದು ಹೇಗೆ?’ ಅಂತ ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ಹಾಸ್ಟೆಲ್ ಹುಡುಗ ಹುಡುಗಿಯರು, ಗೃಹಿಣಿಯರು, ಹೆಂಡತಿಯ ಬಗ್ಗೆ ದೂರು ಹೇಳುವ ಗಂಡಂದಿರು. (ಈ ಕೊನೆಯವರ ಕಾಲಲ್ಲಿ ಸಾಮಾನ್ಯವಾಗಿ ಹೊಸ ಶೂ ಇರುತ್ತದೆ.) ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಫೋನ್ ಬಿಸಾಕಿ ಅಂತ ಹೇಳುವುದಿಲ್ಲ. ಕೊಳ್ಳುವುದೇ ತಪ್ಪು ಅಂತಲೂ ಇಲ್ಲ. ಪೇಟೆಗೆ ಹೋಗಿ ಕೊಳ್ಳುವಾಗ ತಾನಾಗಿಯೇ ಬೀಳುತ್ತಿದ್ದ ಕೆಲವು ಬ್ರೇಕುಗಳಿದ್ದವು. ನಡೆಯುವ ದೂರ, ಚೌಕಾಸಿ, ನೋಟು ಎಣಿಸಿ ಕೊಡುವಾಗಿನ ಸಂಕಟ, ‘ಮೊನ್ನೆ ತಾನೇ ತಗೊಂಡ್ರಲ್ಲ’ ಅನ್ನುವ ಪರಿಚಯದ ಅಂಗಡಿಯವರು. ಫೋನು ಅವನ್ನೆಲ್ಲ ಒಂದೊಂದಾಗಿ ಬಿಚ್ಚಿಹಾಕಿದೆ. ಅವನ್ನು ಮತ್ತೆ ಕೂಡಿಸುವ ಕೆಲಸ ನಮ್ಮದು.

ಆಸೆ ಹುಟ್ಟುವುದು ಎಲ್ಲಿ?

1954ರಲ್ಲಿ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ವಿಚಾರ ಮುಂದಿಟ್ಟರು. ನಾನು ಹೇಗಿದ್ದೇನೆ ಅಂತ ಅಳೆಯಲು ಬೇರೆ ಅಳತೆಗೋಲು ಸಿಗದಾಗ ಮನುಷ್ಯ ಪಕ್ಕದವರನ್ನು ನೋಡುತ್ತಾನೆ. ಇದಕ್ಕೆ ‘ಸಾಮಾಜಿಕ ಹೋಲಿಕೆ’ ಅಂತ ಹೆಸರು. ನಮ್ಮ ಅಮ್ಮಂದಿರೂ ಹೋಲಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯವರ ಜೊತೆ, ಮದುವೆ ಊಟದಲ್ಲಿ ಎದುರು ಪಂಕ್ತಿಗೆ ಕೂತವರ ಜೊತೆ. ಆದರೆ ಆ ಎದುರು ಪಂಕ್ತಿಯವರ ಸೀರೆಯ ಜೊತೆಗೆ ಅವರ ಮನೆಯ ಸಾಲ, ಸೋರುವ ಸೂರು ಕೂಡ ಗೊತ್ತಿರುತ್ತಿತ್ತು. ರೀಲ್ಸ್‌ನಲ್ಲಿ ಸೀರೆ ಮಾತ್ರ ಕಾಣುತ್ತದೆ.

ಹೀಗೆ ನೋಡುತ್ತಾ ಬೆಳೆಯುವುದು ವಸ್ತುಮೋಹ. 1992ರಲ್ಲಿ ಮಾರ್ಷಾ ರಿಚಿನ್ಸ್ ಮತ್ತು ಸ್ಕಾಟ್ ಡಾಸನ್ ಎಂಬ ಸಂಶೋಧಕರು ಇದನ್ನು ಅಳೆಯಲು 18 ಹೇಳಿಕೆಗಳ ಒಂದು ಪಟ್ಟಿ ಮಾಡಿದರು. ಅದರಲ್ಲಿ ಮೂರು ಎಳೆಗಳಿವೆ. ಬದುಕಿನ ನಟ್ಟನಡುವೆ ವಸ್ತುಗಳನ್ನೇ ಇಟ್ಟುಕೊಳ್ಳುವುದು ಒಂದು. ವಸ್ತು ಬಂದರೆ ಸುಖ ಬರುತ್ತದೆ ಅನ್ನುವುದು ಇನ್ನೊಂದು. ಯಾರ ಹತ್ತಿರ ಏನಿದೆ ಅಂತ ನೋಡಿ ಅವರು ಗೆದ್ದರೋ ಸೋತರೋ ತೀರ್ಮಾನಿಸುವುದು ಮೂರನೆಯದು. ನಾನು ಕಂಡಂತೆ ನಮ್ಮಲ್ಲಿ ಜಾಸ್ತಿ ಜನ ಬೀಳುವುದು ಎರಡನೆಯದಕ್ಕೆ. ‘ಇದೊಂದು ಬಂದ್ರೆ ಸಾಕು’ ಅನ್ನುತ್ತೇವಲ್ಲ, ಅದು.

ತಪ್ಪೆಲ್ಲ ಫೋನಿನದೇ ಅನ್ನಲೂ ಬರುವುದಿಲ್ಲ. ಮೊದಲೇ ವಸ್ತುಗಳ ಹುಚ್ಚಿದ್ದವರು ಅಂಥ ವಿಡಿಯೋಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ನೋಡಿದಷ್ಟೂ ಹುಚ್ಚು ಬಲಿಯುತ್ತದೆ.

ಏನೇನು ಬೇಕು?

ಒಂದು ನೋಟ್‌ಬುಕ್ಕು, ಪೆನ್ನು. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಭಾನುವಾರದ ಎರಡು ಗಂಟೆ. ನಿಮ್ಮನ್ನು ಬೈಯದ ಒಬ್ಬ ಮನುಷ್ಯ. ಈ ಕೊನೆಯದು ಸಿಗದಿದ್ದರೂ ಕೆಲಸ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ.

1. ಮೊದಲು ಬರೆಯಿರಿ

ಒಂದೊಂದು ಶಾಪಿಂಗ್ ಆ್ಯಪ್‌ನ ಆರ್ಡರ್ ಪಟ್ಟಿ ತೆಗೆಯಿರಿ. ಪುಟದ ಮೇಲೆ ಐದು ಕಾಲಂ ಎಳೆಯಿರಿ: ಏನು, ಎಷ್ಟು, ಯಾವ ಹೊತ್ತಿನಲ್ಲಿ, ಮೊದಲು ನೋಡಿದ್ದು ಎಲ್ಲಿ, ಈಗ ಎಲ್ಲಿದೆ. ಕೊನೆಯ ಮೂರು ಕಾಲಂ ಬಿಡಬೇಡಿ. ಎಲ್ಲ ಗುಟ್ಟೂ ಅಲ್ಲೇ ಇರುವುದು.

ನನ್ನದೇ ಒಂದು ಸಾಲು ನೋಡಿ: ‘ಪಾಕೀಟು ಸೀಲ್ ಮಾಡುವ ಪುಟ್ಟ ಮೆಷಿನ್ – 299 – ರಾತ್ರಿ 11:40 – ರೀಲ್ಸ್ – ಡ್ರಾಯರ್‌ನಲ್ಲಿ, ಸೆಲ್ ಸತ್ತಿದೆ.’ ಮಂಡಕ್ಕಿ ಮೆತ್ತಗಾಗದಿರಲಿ ಅಂತ ತರಿಸಿದ್ದು. ದಾವಣಗೆರೆಯ ಮನೆಯಲ್ಲಿ ಮಂಡಕ್ಕಿ ಮೆತ್ತಗಾಗುವಷ್ಟು ದಿನ ಉಳಿಯುವುದೇ ಇಲ್ಲ ಅನ್ನೋದು ಆ ಹೊತ್ತಿಗೆ ಹೊಳೆಯಲಿಲ್ಲ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಕ್ಯಾಶ್ ಆನ್ ಡೆಲಿವರಿ. ಬಾಗಿಲಲ್ಲಿ ನೋಟು ಕೊಟ್ಟದ್ದು ಬ್ಯಾಂಕ್ ಲೆಕ್ಕದಲ್ಲಿ ಬರುವುದಿಲ್ಲ, ಆರ್ಡರ್ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಇನ್ನೊಂದು, ಲೈವ್ ವಿಡಿಯೋ ನೋಡಿ ವಾಟ್ಸ್‌ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿ ತರಿಸಿದ ಸೀರೆಗಳು. ಇವು ಯಾವ ಆ್ಯಪ್‌ನ ಪಟ್ಟಿಯಲ್ಲೂ ಸಿಗುವುದಿಲ್ಲ. ಯುಪಿಐ ಲೆಕ್ಕದಲ್ಲಿ ಯಾರೋ ವ್ಯಕ್ತಿಯ ಹೆಸರಿಗೆ ಹೋದ ಹಣವಾಗಿ ಅಡಗಿರುತ್ತವೆ. ಹುಡುಕಿ ಬರೆಯಿರಿ.

ಮೊತ್ತ ಕೂಡಿಸುವುದು ಕೊನೆಗೆ. ಮೊದಲೇ ಕೂಡಿಸಿದರೆ ಗಾಬರಿಯಾಗಿ ನೋಟ್‌ಬುಕ್ಕು ಮುಚ್ಚಿಬಿಡುತ್ತೀರಿ.

2. ನಿಮ್ಮ ಹೊತ್ತು ಯಾವುದು ಅಂತ ಗುರುತಿಸಿ

ಪಟ್ಟಿ ಮುಗಿದ ಮೇಲೆ ಮೂರನೇ ಕಾಲಂ ಮೇಲೆ ಬೆರಳಾಡಿಸಿ. ಬಹಳ ಜನರಿಗೆ ರಾತ್ರಿ ಹತ್ತರ ಮೇಲಿನ ಹೊತ್ತು ಕಾಣುತ್ತದೆ. ಸುಸ್ತಾದ ತಲೆ ‘ಬೇಡ’ ಅನ್ನಲು ಸೋಮಾರಿ. ಕೆಲವರಿಗೆ ಸಂಬಳ ಬಂದ ಮೊದಲ ಮೂರು ದಿನ. ಕೆಲವರಿಗೆ ಮದುವೆ ಮುಗಿಸಿ ಬಂದ ಸಂಜೆ. ಜಗಳವಾದ ದಿನ ಮಾತ್ರ ಆರ್ಡರ್ ಮಾಡುವವರೂ ಇದ್ದಾರೆ. ಅವರು ದಿನಾಂಕ ನೋಡಿದ ಕೂಡಲೇ ನಗುತ್ತಾರೆ.

ಹೊತ್ತು ಸಿಕ್ಕರೆ ಅರ್ಧ ಕೆಲಸ ಆಯಿತು. ದಿನವಿಡೀ ಮನಸ್ಸನ್ನು ಹಿಡಿದಿಡಬೇಕಿಲ್ಲ. ಆ ಒಂದು ಗಂಟೆ ಫೋನು ಬೇರೆ ಕೋಣೆಯಲ್ಲಿ ಚಾರ್ಜ್‌ಗೆ ಇರಲಿ. ಅಲಾರಂ ನೆಪ ಹೇಳುವವರು ಒಂದು ಟೈಂಪೀಸ್ ಇಟ್ಟುಕೊಳ್ಳಿ. ಅದನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ ಮಾತ್ರ!

3. ಕಣ್ಣಿಗೆ ಬೀಳುವುದನ್ನು ಬದಲಿಸಿ

ಅಲ್ಗಾರಿದಮ್ ಅಂದರೆ ನಿಮಗೆ ಮುಂದೆ ಏನು ತೋರಿಸಬೇಕು ಅಂತ ತೀರ್ಮಾನಿಸುವ ಲೆಕ್ಕಾಚಾರ. ಲೈಕ್ ಒತ್ತಿದರೆ ಮಾತ್ರ ಅದಕ್ಕೆ ತಿಳಿಯುತ್ತದೆ ಅಂದುಕೊಳ್ಳಬೇಡಿ. ಒಂದು ವಿಡಿಯೋದ ಮೇಲೆ ಎಷ್ಟು ಸೆಕೆಂಡ್ ನಿಂತಿರಿ ಅನ್ನೋದೂ ಅದಕ್ಕೆ ಲೆಕ್ಕ. ‘ಛೀ, ಎಷ್ಟು ದುಬಾರಿ’ ಅಂತ ಬೈಯುತ್ತಾ ಪೂರ್ತಿ ನೋಡಿದರೂ ಅದು ‘ಇವರಿಗೆ ಇಷ್ಟ’ ಅಂತಲೇ ಬರೆದುಕೊಳ್ಳುತ್ತದೆ.

ಇನ್ನೊಂದು ತಂತ್ರವೂ ಇದೆ. ಪುಟ ಮುಗಿಯಿತು ಅನ್ನುವ ಜಾಗವೇ ಇಲ್ಲದಂತೆ ಕೆಳಗೆ ಕೆಳಗೆ ಹೋಗುತ್ತಲೇ ಇರುವ ವ್ಯವಸ್ಥೆ. ಇದನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಅಂಗಡಿಗೆ ಕೊನೆಯಲ್ಲೊಂದು ಗೋಡೆಯಾದರೂ ಇರುತ್ತದೆ. ಇದಕ್ಕೆ ಗೋಡೆಯೇ ಇಲ್ಲ.

ಮಾಡಬೇಕಾದ್ದು ಇಷ್ಟು:

– ಹೊಸ ಬಟ್ಟೆ ರಾಶಿ ಹಾಕಿ ತೋರಿಸುವ, ಪೆಟ್ಟಿಗೆ ಬಿಚ್ಚುವ, ‘ಬರೀ ಇನ್ನೂರು ರೂಪಾಯಿಗೆ’ ಅಂತ ಶುರುವಾಗುವ ಖಾತೆಗಳನ್ನು ಅನ್‌ಫಾಲೋ ಮಾಡಿ. ಗೆಳತಿಯ ಖಾತೆಯಾಗಿದ್ದು ಸಂಕೋಚವಾದರೆ ಮ್ಯೂಟ್ ಮಾಡಿ, ಅವರಿಗೆ ಗೊತ್ತಾಗುವುದಿಲ್ಲ.

– ಅಂಥ ವಿಡಿಯೋ ಬಂದಾಗ ಮೂರು ಚುಕ್ಕಿ ಒತ್ತಿ ‘ಆಸಕ್ತಿ ಇಲ್ಲ’ ಆರಿಸಿ. ಹತ್ತು ದಿನ ಬೇಸರವಿಲ್ಲದೆ ಮಾಡಿ. ಬದಲಾವಣೆ ಕಾಣುತ್ತದೆ.

– ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ. ಡೆಲಿವರಿ ಸುದ್ದಿ ಎಸ್‌ಎಂಎಸ್‌ನಲ್ಲೂ ಬರುತ್ತದೆ.

– ಆ್ಯಂಡ್ರಾಯ್ಡ್ ಫೋನಿನ ‘ಡಿಜಿಟಲ್ ವೆಲ್‌ಬೀಯಿಂಗ್’ನಲ್ಲಿ ಒಂದೊಂದು ಆ್ಯಪ್‌ಗೂ ದಿನಕ್ಕಿಷ್ಟು ನಿಮಿಷ ಅಂತ ಮಿತಿ ಹಾಕಬಹುದು. ಐಫೋನ್‌ನಲ್ಲಿ ‘ಸ್ಕ್ರೀನ್ ಟೈಮ್’ ನೋಡಿ. ರಾತ್ರಿ ಹೊತ್ತು ಪರದೆಯನ್ನು ಕಪ್ಪು–ಬಿಳುಪು ಮಾಡುವ ಸೌಲಭ್ಯವೂ ಇದೆ. ರಾಣಿ ಬಣ್ಣದ ಸೀರೆ ಬೂದಿ ಬಣ್ಣದಲ್ಲಿ ಕಂಡರೆ ಅದರ ಅರ್ಧ ಮಾಯೆ ಹೋಗುತ್ತದೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ.

ಇನ್ನು ‘ಲಿಂಕ್ ಬಯೋದಲ್ಲಿದೆ’ ಅನ್ನುವವರ ವಿಚಾರ. ಆ ಲಿಂಕ್ ಎಷ್ಟೋ ಸಲ ಕಮಿಷನ್ ಲಿಂಕ್ ಆಗಿರುತ್ತದೆ. ನೀವು ಅದರ ಮೂಲಕ ಕೊಂಡರೆ ಅವರಿಗೆ ಪಾಲು ಸಿಗುತ್ತದೆ. ಹಣವನ್ನೋ ಉಚಿತ ವಸ್ತುವನ್ನೋ ಪಡೆದು ಪ್ರಚಾರ ಮಾಡುವವರು ಅದನ್ನು ಸ್ಪಷ್ಟವಾಗಿ ಹೇಳಲೇಬೇಕು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಜಾಹೀರಾತು’, ‘ಪ್ರಾಯೋಜಿತ’ ಅನ್ನುವ ಪದ ಮೂಲೆಯಲ್ಲಿ ಸಣ್ಣಗೆ ಇದೆಯಾ ಅಂತ ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ಮಾವಿನಹಣ್ಣು ಮಾರುವವನು ‘ಹಣ್ಣು ಸಿಹಿ ಇದೆ’ ಅಂದರೆ ನಾವು ನಂಬುತ್ತೇವಾ? ಒಂದು ಹೋಳು ಕೇಳುತ್ತೇವೆ.

ಆವೇಶದಲ್ಲಿ ಎಲ್ಲ ಆ್ಯಪ್ ಅಳಿಸಬೇಡಿ. ಮೂರನೇ ದಿನ ವಾಪಸ್ ಹಾಕಿಕೊಂಡು, ‘ಮರಳಿ ಬಂದಿದ್ದಕ್ಕೆ’ ಅಂತ ಅವರು ಕೊಡುವ ಕೂಪನ್‌ನಲ್ಲಿ ಇನ್ನೂ ಎರಡು ವಸ್ತು ತರಿಸುತ್ತೀರಿ.

4. ಕೈಗೂ ಹಣಕ್ಕೂ ನಡುವೆ ದೂರ ಇಡಿ

ಸಮಯ ಕಡಿಮೆ ಇರುವವರು ಉಳಿದದ್ದೆಲ್ಲ ಬಿಟ್ಟು ಈ ಹಂತ ಒಂದನ್ನಾದರೂ ಮಾಡಿ.

ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ತೆಗೆದುಹಾಕಿ. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ನಿಮ್ಮ ಕಾರ್ಡ್ ನಂಬರನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್ ಇರುತ್ತದೆ. ಟೋಕನ್ ಅಂದರೆ ನಂಬರಿನ ಬದಲಿಗೆ ಬಳಸುವ ಗುಪ್ತ ಸಂಕೇತ. ಕಳ್ಳರಿಂದ ರಕ್ಷಣೆಗೆ ಒಳ್ಳೆಯದೇ. ಆದರೆ ನಿಮ್ಮಿಂದ ನಿಮಗೆ ಅದು ರಕ್ಷಣೆ ಕೊಡುವುದಿಲ್ಲ, ಕೊಳ್ಳುವುದು ಮೊದಲಿನಷ್ಟೇ ಸಲೀಸು. ಹದಿನಾರು ಅಂಕಿ ಪ್ರತಿ ಸಲ ಟೈಪ್ ಮಾಡುವಂತಿರಲಿ. ಎದ್ದು ಹೋಗಿ ಪರ್ಸ್ ತರಬೇಕು, ಕನ್ನಡಕ ಹುಡುಕಬೇಕು. ಅಷ್ಟರಲ್ಲಿ ಎಷ್ಟೋ ಆಸೆ ಸಾಯುತ್ತದೆ.

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಆನ್‌ಲೈನ್ ವ್ಯವಹಾರವನ್ನೇ ಆಫ್ ಮಾಡುವ ಸೌಲಭ್ಯ ಇದೆ. ಬೇಕಾದಾಗ ಆನ್ ಮಾಡಿ, ಮುಗಿದ ಮೇಲೆ ಆಫ್. ಯುಪಿಐಗೆ ಸಂಬಳದ ಖಾತೆ ಬೇಡ. ಇನ್ನೊಂದು ಉಳಿತಾಯ ಖಾತೆಯನ್ನು ಜೋಡಿಸಿ, ಅದಕ್ಕೆ ತಿಂಗಳಿಗಿಷ್ಟು ಅಂತ ಕೈಖರ್ಚು ಹಾಕಿ. ಖಾಲಿಯಾದರೆ ಮುಂದಿನ ತಿಂಗಳು.

‘ಈಗ ಕೊಳ್ಳಿ, ಆಮೇಲೆ ಕೊಡಿ’ ಅನ್ನುವುದು ಸಾಲ. ಹೆಸರು ಎಷ್ಟೇ ಮುದ್ದಾಗಿರಲಿ, ಸಾಲ ಸಾಲವೇ. ‘ನೋ ಕಾಸ್ಟ್ ಇಎಂಐ’ಯಲ್ಲೂ ಬಡ್ಡಿ ಎಲ್ಲೋ ಒಂದು ಕಡೆ ಕೂತಿರುತ್ತದೆ. ಒಂದೇ ಸಲಕ್ಕೆ ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ತಪ್ಪಿರುತ್ತದೆ, ಇಲ್ಲವೇ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿರುತ್ತದೆ. ಎರಡೂ ಮೊತ್ತ ಪಕ್ಕಪಕ್ಕ ಬರೆದು ನೋಡಿ.

ಕ್ರೆಡಿಟ್ ಕಾರ್ಡಿನ ಲೆಕ್ಕ ಇನ್ನೂ ಕಟು. ನಿಮ್ಮ ಮೇಲೆ 20,000 ರೂಪಾಯಿ ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಅಂದುಕೊಳ್ಳಿ. ತಿಂಗಳ ಬಡ್ಡಿ 700. ಅದರ ಮೇಲೆ ಶೇ. 18 ಜಿಎಸ್‌ಟಿ, 126. ಒಟ್ಟು 826. ನೀವು ‘ಕನಿಷ್ಠ ಮೊತ್ತ’ ಅಂತ 1,000 ಕಟ್ಟಿದರೆ ಅಸಲಿಗೆ ಹೋಗುವುದು 174 ರೂಪಾಯಿ. ಮನೆಯವರೆಲ್ಲ ಒಮ್ಮೆ ಬೆಣ್ಣೆ ದೋಸೆ ತಿಂದು ಬಂದಷ್ಟೂ ಆಗಲಿಲ್ಲ ಅಲ್ವಾ?

ಸಾಲದ ಆ್ಯಪ್ ಬಗ್ಗೆ ಹಾಸ್ಟೆಲ್‌ನವರಿಗೆ ಒಂದು ಮಾತು. ಫೋನಿನ ಫೋಟೋ, ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ ಕೇಳುವ ಆ್ಯಪ್ ಯಾವುದೇ ಇರಲಿ, ಅಲ್ಲೇ ಬಿಡಿ. ಸಾಲ ಕೊಡುವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಯಾವುದು ಅಂತ ಹೆಸರಿಲ್ಲದಿದ್ದರೂ ಬಿಡಿ. ಈಗಾಗಲೇ ತೆಗೆದುಕೊಂಡು ಮರುದಿನವೇ ಪಶ್ಚಾತ್ತಾಪವಾಗಿದ್ದರೆ ‘ಕೂಲಿಂಗ್ ಆಫ್’ ಅವಧಿ ಎಷ್ಟು ಅಂತ ಒಪ್ಪಂದದಲ್ಲಿ ನೋಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು, ದಂಡವಿಲ್ಲದೆ ಹೊರಬರಬಹುದು.

5. ‘ನೋಡಿ ಬರ್ತೀವಿ’ ಪಟ್ಟಿ

ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆಯಿರಿ. ಏನಾದರೂ ಬೇಕೆನಿಸಿದ ಕೂಡಲೇ ಅಲ್ಲಿ ದಿನಾಂಕ ಹಾಕಿ ಬರೆಯಿರಿ. 500 ರೂಪಾಯಿ ಒಳಗಿನದಕ್ಕೆ ಮೂರು ದಿನ, 5,000ದವರೆಗೆ ಒಂದು ವಾರ, ಅದಕ್ಕೂ ಮೇಲಿನದಕ್ಕೆ ಒಂದು ತಿಂಗಳು. ಅವಧಿ ಮುಗಿದ ಮೇಲೂ ಬೇಕೆನಿಸಿದರೆ ತಗೊಳ್ಳಿ, ಖುಷಿಯಾಗಿ ತಗೊಳ್ಳಿ. ಈ ಅಂಕಿಗಳು ನಾನು ಹಾಕಿಕೊಂಡವು. ನಿಮ್ಮ ಸಂಬಳಕ್ಕೆ ತಕ್ಕಂತೆ ಬದಲಿಸಿ.

ಕಾರ್ಟ್‌ನಲ್ಲಿ ಹಾಕಿಟ್ಟು ಕಾಯುವುದು ಕಾಯುವುದಲ್ಲ. ಅದು ಅಂಗಡಿಯೊಳಗೇ ಸ್ಟೂಲ್ ಮೇಲೆ ಕೂತಂತೆ. ‘ನೀವು ಬಿಟ್ಟುಹೋದ ವಸ್ತುವಿನ ಬೆಲೆ ಇಳಿದಿದೆ’ ಅಂತ ಅವರು ಕರೆಯುತ್ತಲೇ ಇರುತ್ತಾರೆ. ಪಟ್ಟಿ ಕಾಗದದ ಮೇಲೇ ಇರಲಿ.

‘ಎರಡೇ ಉಳಿದಿದೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಅನ್ನುವ ಓಡುವ ಗಡಿಯಾರಗಳಿಗೆ ಹೆದರಬೇಡಿ. ಗ್ರಾಹಕರನ್ನು ದಾರಿ ತಪ್ಪಿಸುವ ಇಂಥ ವಿನ್ಯಾಸಕ್ಕೆ ‘ಡಾರ್ಕ್ ಪ್ಯಾಟರ್ನ್’ ಅನ್ನುತ್ತಾರೆ. 2023ರ ನವೆಂಬರ್ 30ರ ಕೇಂದ್ರದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಅದರಲ್ಲಿ ಒಂದು. ಕೇಳದೆಯೇ ಬುಟ್ಟಿಗೆ ವಸ್ತು ಸೇರಿಸುವುದು ಇನ್ನೊಂದು. ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಅನ್ನುವಂಥ ಗುಂಡಿ ಇಟ್ಟು ನಾಚಿಕೆ ಹುಟ್ಟಿಸುವುದು ಮತ್ತೊಂದು. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

‘ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಟ್ರಾಯ್ತು’ ಅನ್ನುವುದೂ ಒಂದು ಬಲೆ. ನಿಮ್ಮ ಪಟ್ಟಿಯಲ್ಲಿ ವಾಪಸ್ ಹೋದದ್ದು ಎಷ್ಟು, ‘ನಾಳೆ ಕೊಡೋಣ’ ಅಂತ ದಿನ ಮೀರಿದ್ದು ಎಷ್ಟು, ಎಣಿಸಿ ನೋಡಿ.

ಬಟ್ಟೆ, ಪಾತ್ರೆಯಂಥವನ್ನು ಅವಧಿಯೊಳಗೆ ಒಮ್ಮೆ ಪೇಟೆಗೆ ಹೋಗಿ ಮುಟ್ಟಿ ನೋಡಿ. ಮಂಡಿಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಫೋನಿನಲ್ಲಿ ದಪ್ಪ ಕಂಡ ಬಾಣಲೆ ಕೈಯಲ್ಲಿ ಎಷ್ಟು ತೆಳು ಅನ್ನೋದು ತಿಳಿಯುತ್ತದೆ. ಪೇಟೆಯೇನೂ ಸಾಧುಗಳ ಮಠವಲ್ಲ, ಅಲ್ಲೂ ಮೋಡಿ ಇದೆ. ಆದರೆ ಅಲ್ಲಿ ಕಾಲು ನೋಯುತ್ತದೆ. ಕಾಲು ನೋವೂ ಒಂದು ಬ್ರೇಕು.

6. ಖಾಲಿಯಾದ ಗಂಟೆಗೆ ಏನು?

ಇದನ್ನು ನಾನು ಹೇಳಬೇಕಿಲ್ಲ. ಕುಂದವಾಡ ಕೆರೆ ಏರಿಯ ಮೇಲೆ ನಡೆಯಿರಿ, ಗೆಳೆಯರ ಜೊತೆ ಮಿರ್ಚಿ ಮಂಡಕ್ಕಿ ತಿನ್ನಿ, ಬೇಗ ಮಲಗಿ. ಹೊಸ ಹವ್ಯಾಸ ಅಂತ ಶುರು ಮಾಡಿ ಅದಕ್ಕೆ ಬೇಕಾದ ಸಾಮಾನು ತರಿಸಲು ಕೂರಬೇಡಿ. ಯೋಗ ಶುರುವಾಗುವ ಮೊದಲೇ ಮೂರು ಮ್ಯಾಟ್ ಬಂದ ಮನೆ ನನಗೆ ಗೊತ್ತು.

7. ಮನೆಯವರ ಜೊತೆ

ಬೈದರೆ ಖರೀದಿ ನಿಲ್ಲುವುದಿಲ್ಲ, ಪಾರ್ಸೆಲ್ ಪಕ್ಕದ ಮನೆಗೆ ಬರಲು ಶುರುವಾಗುತ್ತದೆ. ಮುಚ್ಚಿಡುವುದು ಶುರುವಾದರೆ ಮುಂದೆ ಕಷ್ಟ. ಆದ್ದರಿಂದ ಒಪ್ಪಂದ ಮಾಡಿಕೊಳ್ಳಿ: ಇಷ್ಟು ಮೊತ್ತದವರೆಗೆ ಯಾರೂ ಯಾರನ್ನೂ ಕೇಳುವಂತಿಲ್ಲ, ಅದಕ್ಕೂ ಮೇಲೆ ಇಬ್ಬರಿಗೂ ಗೊತ್ತಿರಬೇಕು. ದುಗ್ಗಮ್ಮನ ಜಾತ್ರೆ, ಯುಗಾದಿ, ಮನೆಯ ಮದುವೆಗಳಿಗೆ ಬೇರೆಯೇ ಲೆಕ್ಕ ಇಡಿ. ಆ ಖರ್ಚನ್ನು ತಡೆಯಲು ಹೋದರೆ ಪೂರ್ತಿ ಯೋಜನೆಯೇ ಬಿದ್ದುಹೋಗುತ್ತದೆ.

ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಯುಪಿಐ, ಶಾಪಿಂಗ್ ಆ್ಯಪ್ ಬೇಡ. ‘ಎಲ್ಲರ ಹತ್ರ ಇದೆ’ ಅಂತ ಮಗ ಅಂದರೆ ಯಾರು ಯಾರ ಹತ್ತಿರ ಅಂತ ಹೆಸರು ಬರೆಸಿ. ‘ಎಲ್ಲರೂ’ ಅಂದರೆ ಸಾಮಾನ್ಯವಾಗಿ ಇಬ್ಬರು.

8. ಇದು ಅಭ್ಯಾಸವನ್ನು ದಾಟಿದೆಯಾ?

ಮೇಲಿನದೆಲ್ಲ ಅಭ್ಯಾಸಕ್ಕೆ ಮದ್ದು. ಕೆಲವರಿಗೆ ಅದು ಸಾಲದು. ಕೊಳ್ಳುವ ಚಟವನ್ನು ಮನೋವೈದ್ಯರು ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು. ಆಗ ಇನ್‌ಸ್ಟಾಗ್ರಾಂ ಎಲ್ಲಿತ್ತು? ಇವತ್ತಿನ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ, ಅಂದರೆ ಐಸಿಡಿ-11, ಇದನ್ನು ಮನಸ್ಸಿನ ತುಡಿತವನ್ನು ತಡೆಯಲಾಗದ ತೊಂದರೆಗಳ ಗುಂಪಿನಲ್ಲಿ ಒಂದು ಉದಾಹರಣೆಯಾಗಿ ಹೆಸರಿಸುತ್ತದೆ.

ಹೀಗಿದ್ದರೆ ಗಮನ ಕೊಡಿ. ಆರ್ಡರ್ ಮಾಡುವವರೆಗೂ ಎದೆಯಲ್ಲಿ ಚಡಪಡಿಕೆ, ಮಾಡಿದ ಕೂಡಲೇ ಹಗುರ, ಪೆಟ್ಟಿಗೆ ಬಂದಾಗ ಬರೀ ನಾಚಿಕೆ. ಪೆಟ್ಟಿಗೆಗಳು ಬಿಚ್ಚದೆಯೇ ಅಲ್ಮೇರಾ ಮೇಲೆ ಕೂತಿವೆ. ಹಳೆ ಸಾಲ ತೀರಿಸಲು ಹೊಸ ಸಾಲ. ಬಿಲ್ಲಿನ ಬಗ್ಗೆ ಸುಳ್ಳು. ಎಷ್ಟೋ ಸಲ ಇದರ ಹಿಂದೆ ಖಿನ್ನತೆಯೋ ಆತಂಕವೋ ಇರುತ್ತದೆ. ಅದಕ್ಕೆ ಚಿಕಿತ್ಸೆ ಸಿಕ್ಕರೆ ಇದೂ ಸಡಿಲವಾಗಬಹುದು.

ಸಹಾಯ ದೂರವಿಲ್ಲ. ನಗರದ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಬಹುದು. ತಂತ್ರಜ್ಞಾನದ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ಶುರು ಮಾಡಿದೆ. ಎಲ್ಲಿಗೂ ಹೋಗಲು ಮನಸ್ಸಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, ನಂಬರ್ 14416. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕರೆ ಸೇರಿದ ಮೇಲೆ ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ನೋಟ್‌ಬುಕ್ಕಿನ ಮೊದಲ ಪುಟ ತೆಗೆದು, ಅದರಲ್ಲಿ ಇರುವುದನ್ನು ಹಾಗೇ ಓದಿ ಹೇಳಿ.